ಮೂರು ತಿಂಗಳ ಅಪ್ಪಣೆ

ತುಮಕೂರಿನ ನಮ್ಮ ಬೀದಿಯಲ್ಲಿಯೇ ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸಿದ ಮನೆಗಳು ಹಲವಿವೆ. ಬಾಣಂತನಕ್ಕೆಂದೋ, ಮೊಮ್ಮಗನ ಮುಖ ನೋಡಲೆಂದೋ ತಂದೆತಾಯಿಗಳು ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿಬರುವುದು ಈಗ ಯಾತ್ರೆಗೆ ಹೋಗಿಬಂದಷ್ಟೇ ಸಹಜವಾಗಿದೆ. ಹೋಗುವವರು ಚಟ್ನಿಪುಡಿ, ಹುರಿಹಿಟ್ಟು, ವಿಭೂತಿಗಟ್ಟಿಗಳ ಬಗ್ಗೆ ವಹಿಸುವ ಎಚ್ಚರದಲ್ಲಿ ಕಾಲುಭಾಗವನ್ನಾದರೂ ತಮ್ಮ ಪಾಸ್‌ಪೋರ್ಟಿನೊಳಗಿನ ಮುದ್ರೆಯ ಬಗ್ಗೆ ವಹಿಸುವುದಿಲ್ಲ. ನಾನೂ ವಹಿಸಿರಲಿಲ್ಲ. ಅದರಿಂದ ನಾನು ಪಟ್ಟ ಪಾಡನ್ನು ಓದುಗ ಬಂಧುಗಳಲ್ಲಿ ನಿವೇದಿಸಿಕೊಂಡರೆ ಯಾರಿಗಾದರೂ ಪ್ರಯೋಜನವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

2019ರ ಅಕ್ಟೋಬರ್ 2ರಂದು ನಾನೂ ನನ್ನ ಧರ್ಮಪತ್ನಿಯೂ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದೆವು. ಮಗಳಿಗೆ ನವೆಂಬರಿನಲ್ಲಿ ಹೆರಿಗೆ ಎಂದು ವೈದ್ಯರು ಹೇಳಿದ್ದರು. ಮದ್ರಾಸಿನ ಅಮೆರಿಕನ್ ದೂತಾವಾಸದಲ್ಲಿ ಸಾಲು ನಿಂತು ಪಡೆದ ಬಿ-2 ಎಂಬ ಪ್ರವಾಸಿ ವೀಸಾದಲ್ಲಿ 10 ವರ್ಷ ಎಂದು ಅಚ್ಚಾಗಿತ್ತು. ಹತ್ತು ವರ್ಷ ಎಂದರೆ ಹತ್ತು ವರ್ಷವೇ ಎಂದು ನಾನು ತಿಳಿದಿದ್ದೆ. ಅಳಿಯಂದಿರು ಆ ಭ್ರಮೆಯನ್ನು ಮೊದಲ ದಿನವೇ ಬಿಡಿಸಿದರು. ವೀಸಾ ಎಂಬುದು ಬಾಗಿಲವರೆಗೆ ಬರಲು ಕೊಟ್ಟ ಅಪ್ಪಣೆ ಮಾತ್ರ. ಒಳಗೆ ಎಷ್ಟು ದಿನ ಇರಬಹುದೆಂಬುದನ್ನು ವಿಮಾನ ನಿಲ್ದಾಣದ ಅಧಿಕಾರಿ ನಿರ್ಧರಿಸುತ್ತಾನೆ. ಅದರ ದಾಖಲೆಗೆ ಐ-94 ಎಂದು ಹೆಸರು. ಮೊದಲು ಅದು ಪಾಸ್‌ಪೋರ್ಟಿಗೆ ಹೊಲಿದ ಬಿಳಿಯ ಚೀಟಿಯಾಗಿತ್ತಂತೆ. ವಿಮಾನದಲ್ಲಿ ಬರುವವರಿಗೆ 2013ರಿಂದ ಚೀಟಿಯೂ ಇಲ್ಲ, ಕಂಪ್ಯೂಟರಿನಲ್ಲಿ ನೋಡಿಕೊಳ್ಳಬೇಕು. ನಮ್ಮದನ್ನು ತೆಗೆದು ನೋಡಿದಾಗ 2020ರ ಏಪ್ರಿಲ್ 1 ಎಂದಿತ್ತು.

ನಾನು ಸಿದ್ಧಗಂಗೆಯ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು. ಅತಿಥಿ ಎಂಬ ಶಬ್ದಕ್ಕೆ ತಿಥಿ ಗೊತ್ತಿಲ್ಲದೆ ಬರುವವನು ಎಂದೂ, ಒಂದು ರಾತ್ರಿ ಮಾತ್ರ ತಂಗುವವನು ಎಂದೂ ಅರ್ಥ ಹೇಳಿಸಿಕೊಂಡವನು. ಬರುವ ತಿಥಿಯೂ ಹೊರಡುವ ತಿಥಿಯೂ ಮುದ್ರೆಯಲ್ಲಿ ಖಚಿತವಾಗಿರುವ ಈ ಹೊಸ ಬಗೆಯ ಅತಿಥಿಗೆ ಯಾವ ವ್ಯುತ್ಪತ್ತಿ ಹೇಳಬೇಕೋ ನಮ್ಮ ಗುರುಗಳಿದ್ದಿದ್ದರೆ ಕೇಳುತ್ತಿದ್ದೆ. ಹೆಸರಿಗೆ ಪ್ರವಾಸಿಗಳಾದ ನಾವು ಆ ಚಳಿಗಾಲದಲ್ಲಿ ನೋಡಿದ್ದು ಮಂಜಿನಲ್ಲಿ ಅರ್ಧ ಮುಳುಗಿದ್ದ ಗೋಲ್ಡನ್ ಗೇಟ್ ಸೇತುವೆಯೊಂದನ್ನೇ.

ನವೆಂಬರಿನಲ್ಲಿ ಮೊಮ್ಮಗಳು ಹುಟ್ಟಿದಳು. ಬಿಲ್ವಪತ್ರೆಯಿಲ್ಲದ ಊರಿನಲ್ಲಿ ಹಿತ್ತಲಿನ ಹೂವಿಟ್ಟು ಇಷ್ಟಲಿಂಗ ಪೂಜೆ ಮಾಡಿಕೊಳ್ಳುತ್ತ ದಿನ ಕಳೆದೆವು. 2020ರ ಜನವರಿಯಲ್ಲಿ ಮಠದಲ್ಲಿ ಪರಮಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳವರ ಮೊದಲ ವರ್ಷದ ಪುಣ್ಯಸ್ಮರಣೆ ನಡೆದಾಗ ನಾವಿಲ್ಲವಲ್ಲ ಎಂಬ ಕೊರಗು ಬಿಟ್ಟರೆ ಬೇರೆ ಕೊರತೆಯಿರಲಿಲ್ಲ. ಮಾರ್ಚ್ 26ಕ್ಕೆ ಹಿಂತಿರುಗುವ ಟಿಕೆಟ್ಟು ಕೈಯಲ್ಲಿತ್ತು.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಮಾರ್ಚ್ 17ರಿಂದ ಮಗಳಿದ್ದ ಪ್ರದೇಶದಲ್ಲಿ ಮನೆ ಬಿಟ್ಟು ಹೊರಬರಬಾರದೆಂದು ಆಜ್ಞೆಯಾಯಿತು. ಮಾರ್ಚ್ 22ರಿಂದ ಭಾರತಕ್ಕೆ ವಿದೇಶದ ಪ್ರಯಾಣಿಕ ವಿಮಾನಗಳು ಬರುವುದೇ ನಿಂತಿತು. ಮೊದಲು ಒಂದು ವಾರ ಎಂದರು, ವಾರ ಬೆಳೆಯಿತು. ನಮ್ಮ ಅವಧಿ ಮುಗಿಯಲು ಉಳಿದದ್ದು ಹತ್ತೇ ದಿನ.

ಅವಧಿ ಮೀರಿ ನಿಂತರೆ ಏನಾಗುತ್ತದೆ? ಒಂದು ದಿನ ಮೀರಿದರೂ ಆ ಹತ್ತು ವರ್ಷದ ವೀಸಾ ರದ್ದಾದಂತೆಯೇ. 180 ದಿನಕ್ಕಿಂತ ಹೆಚ್ಚು ನಿಂತು ಹೊರಟರೆ ಮೂರು ವರ್ಷ, ಒಂದು ವರ್ಷ ಮೀರಿದರೆ ಹತ್ತು ವರ್ಷ ಆ ದೇಶಕ್ಕೆ ಕಾಲಿಡುವಂತಿಲ್ಲ. ಆದರೆ ಅವಧಿ ಮುಗಿಯುವ ಮುನ್ನವೇ ಐ-539 ಎಂಬ ಅರ್ಜಿಯನ್ನು ಸಲ್ಲಿಸಿದ್ದರೆ, ಅದು ತೀರ್ಮಾನವಾಗುವವರೆಗಿನ ದಿನಗಳು ಅಕ್ರಮ ವಾಸದ ಲೆಕ್ಕಕ್ಕೆ ಸೇರುವುದಿಲ್ಲ. ಕನಿಷ್ಠ 45 ದಿನ ಮೊದಲೇ ಸಲ್ಲಿಸುವುದು ಕ್ಷೇಮವೆಂದು ಆ ಇಲಾಖೆಯೇ ಹೇಳುತ್ತದೆ. ನಮಗೆ ಅಷ್ಟು ಕಾಲವೆಲ್ಲಿತ್ತು! ಗಂಡಹೆಂಡಿರು ಒಂದೇ ಅರ್ಜಿಯಲ್ಲಿ ಅಂಚೆಯ ಮೂಲಕ ಕಳುಹಿಸಿದ್ದರೆ 540 ಡಾಲರಿನಲ್ಲಿ ಮುಗಿಯುತ್ತಿತ್ತು. ಅಂಚೆಯನ್ನು ನಂಬುವ ಧೈರ್ಯವಿಲ್ಲದೆ ಕಂಪ್ಯೂಟರಿನಲ್ಲಿ ಬೇರೆಬೇರೆಯಾಗಿ ಸಲ್ಲಿಸಬೇಕಾಯಿತು. ಅರ್ಜಿಗೆ 370, ಬೆರಳಚ್ಚಿಗೆ 85, ತಲೆಗೆ 455; ಇಬ್ಬರಿಗೆ 910 ಡಾಲರ್. ಆಗಿನ ದರದಲ್ಲಿ ಸುಮಾರು 68 ಸಾವಿರ ರೂಪಾಯಿ. ನನ್ನ ಎರಡು ತಿಂಗಳ ಪಿಂಚಣಿಗೆ ತುಸು ಕಡಿಮೆ. (ಬೆರಳಚ್ಚಿನ ಪ್ರತ್ಯೇಕ ಶುಲ್ಕವನ್ನು 2023ರಲ್ಲಿ ಕೈಬಿಟ್ಟರು, 2024ರ ಏಪ್ರಿಲ್‌ನಿಂದ ಅರ್ಜಿಯ ಶುಲ್ಕವನ್ನು ಕಂಪ್ಯೂಟರಿನಲ್ಲಾದರೆ 420, ಕಾಗದದಲ್ಲಾದರೆ 470 ಮಾಡಿದರು. ಹೋಗುವವರು ಆಯಾ ಕಾಲದ ದರವನ್ನು ವಿಚಾರಿಸಿಕೊಳ್ಳುವುದು ಒಳಿತು.)

ಹಣ ಕಟ್ಟುವುದು ಸುಲಭದ ಭಾಗ. ಅರ್ಜಿಯೊಡನೆ ಒಂದು ಪತ್ರ ಬರೆಯಬೇಕು. ಅದರಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರವಿರಬೇಕು. ಏಕೆ ಹೆಚ್ಚು ದಿನ ಇರಬೇಕು? ಇದು ತಾತ್ಕಾಲಿಕವೆಂಬುದಕ್ಕೆ ಏನು ಆಧಾರ, ಹೊರಡಲು ಏನು ಏರ್ಪಾಡು? ಇದರಿಂದ ನಿಮ್ಮ ದೇಶದಲ್ಲಿರುವ ನಿಮ್ಮ ಉದ್ಯೋಗಕ್ಕೋ ವಾಸಕ್ಕೋ ಏನು ಪರಿಣಾಮ?

ಮೊದಲನೆಯ ಪ್ರಶ್ನೆಯಲ್ಲಿಯೇ ನಾನು ಎಡವಿದೆ. ಮಗಳಿಗೆ ಪರಿಚಿತರಾದ ಒಬ್ಬರು ದೂರವಾಣಿಯಲ್ಲಿ ಹಿತವಚನ ಹೇಳಿದರು. ವಿಮಾನವಿಲ್ಲ ಎಂಬ ಕಾರಣವನ್ನು ಅವರು ಒಪ್ಪುತ್ತಾರೋ ಇಲ್ಲವೋ, ನಾಳೆಯೇ ವಿಮಾನ ಹೊರಟರೆ ನಿಮ್ಮ ಕಾರಣ ಬಿದ್ದುಹೋಗುತ್ತದೆ. ಅಮ್ಮನವರಿಗೆ ಸಕ್ಕರೆ ಕಾಯಿಲೆ ಇದೆಯಲ್ಲ, ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ ಎಂದು ವೈದ್ಯರೊಬ್ಬರಿಂದ ಬರೆಸಿಬಿಡಿ, ಹಾಗೆ ಬರೆದುಕೊಡುವವರು ಇದ್ದಾರೆ ಎಂದರು. ನನ್ನ ಮನೆಯವರ ಸಕ್ಕರೆ ಕಾಯಿಲೆ ಮಾತ್ರೆಯಲ್ಲಿ ಅಡಗಿರುವಂಥದು, ಪ್ರಯಾಣಕ್ಕೆ ಅಡ್ಡಿಯಾಗುವಂಥದಲ್ಲ. ಆದರೂ ಆ ರಾತ್ರಿಯೆಲ್ಲ ನಾನು ಆ ಸಲಹೆಯನ್ನು ತೂಗಿನೋಡಿದೆ ಎಂಬುದನ್ನು ಮರೆಮಾಚಲಾರೆ.

ಆ ರಾತ್ರಿ ನೆನಪಾದದ್ದು 1971ರ ಶಿವರಾತ್ರಿ. ಮಠದ ವಿದ್ಯಾರ್ಥಿನಿಲಯದಲ್ಲಿದ್ದ ನಾನು ಜಾತ್ರೆ ಮುಗಿದ ಮೇಲೆ ನಾಲ್ಕು ದಿನದ ರಜೆ ಪಡೆದು ಕುಣಿಗಲ್ ತಾಲ್ಲೂಕಿನ ನಮ್ಮೂರಿಗೆ ಹೋದೆ. ಊರಿನ ತೆಂಗಿನ ತೋಟ, ಎಡೆಯೂರಿನ ಕಡೆಯ ಗೆಳೆಯರು, ಕೆರೆಯ ಈಜು. ನಾಲ್ಕು ದಿನ ಹತ್ತು ದಿನವಾಯಿತು. ತಂದೆಯವರಿಗೆ ಜ್ವರ ಎಂದು ನಾನೇ ಒಂದು ಕಾರ್ಡು ಬರೆದು ಹಾಕಿದೆ. ಹಿಂತಿರುಗಿದಾಗ ಪಾಠಶಾಲೆಯ ಗುರುಗಳೊಬ್ಬರು ಬೈಯಲಿಲ್ಲ, ಕಾರಣ ಕೇಳಲಿಲ್ಲ. ಒಂದು ಪೊಟ್ಟಣದಲ್ಲಿ ವಿಭೂತಿ ಕಟ್ಟಿಕೊಟ್ಟು, ಊರಿನ ಕಡೆ ಹೋಗುವವರಾರಾದರೂ ಇದ್ದರೆ ತಂದೆಯವರಿಗೆ ಕಳುಹಿಸು ಎಂದರು. ಮರುದಿನ, ಅದರ ಮರುದಿನ, ಹದಿನೈದು ದಿನ, ಪಾಠಕ್ಕೆ ಮೊದಲು ತಂದೆಯವರು ಹೇಗಿದ್ದಾರೆಂದು ವಿಚಾರಿಸಿದರು. ಒಂದೊಂದು ದಿನವೂ ಒಂದೊಂದು ಹೊಸ ಸುಳ್ಳು ಹೇಳಬೇಕಾಯಿತು. ಆ ಪೊಟ್ಟಣ ನನ್ನ ಪೆಟ್ಟಿಗೆಯಲ್ಲಿಯೇ ಉಳಿಯಿತು. ಅವರಿಗೆ ನಿಜವನ್ನು ನಾನು ಕೊನೆಗೂ ಹೇಳಲಿಲ್ಲ.

ಬೆಳಿಗ್ಗೆ ವಿಷಯವನ್ನು ಮನೆಯವರಿಗೆ ತಿಳಿಸಿದೆ. ಅವರು ಮಗುವಿಗೆ ಎಣ್ಣೆ ಹಚ್ಚುತ್ತಿದ್ದರು. ತಲೆಯೆತ್ತದೆ, “ಇಲ್ಲದ ಕಾಯಿಲೇನ ಮೈಮೇಲೆ ಬರೆಸ್ಕೊಳ್ಳೋಕೆ ನಾನೊಲ್ಲೆ ರೀ. ಬರೆಸಿದ್ಮೇಲೆ ಬಂದ್ರೆ?” ಎಂದರು. ನನ್ನ ಶಾಸ್ತ್ರಚಿಂತನೆಯೆಲ್ಲ ಅಷ್ಟಕ್ಕೇ ಮುಗಿಯಿತು. ಇದ್ದದ್ದನ್ನೇ ಬರೆದೆವು: ಮಾರ್ಚ್ 26ರ ಟಿಕೆಟ್ಟು, ಅದು ರದ್ದಾದ ಪತ್ರ, ಭಾರತ ಸರ್ಕಾರದ ಪ್ರಕಟಣೆ. ಮಗಳು ಆರು ತಿಂಗಳು ಕೇಳೋಣ ಎಂದಳು. ನಾನು ಮೂರು ಸಾಕೆಂದೆ.

ಮೂರು ಸಾಕೆಂದುದಕ್ಕೆ ಕಾರಣವಿತ್ತು. ಗುಬ್ಬಿಯಲ್ಲಿ ತಮ್ಮನ ಮನೆಯಲ್ಲಿದ್ದ ನಮ್ಮ ಅವ್ವನಿಗೆ ಆಗ 86 ವರ್ಷ. ಅಲ್ಲಿಯ ರಾತ್ರಿ ಎಂಟೂವರೆಗೆ ಇಲ್ಲಿಯ ಬೆಳಗಿನ ಎಂಟು. ದಿನವೂ ಆ ಹೊತ್ತಿಗೆ ಮಾತನಾಡುತ್ತಿದ್ದೆವು. ಫೆಬ್ರವರಿಯಿಂದ ಅವ್ವ ಹಾಸಿಗೆಯಿಂದ ಏಳುವುದು ಕಡಿಮೆಯಾಗಿತ್ತು. “ಯಾವತ್ತು ಬತ್ತೀಯಪ್ಪ?” ಎಂಬುದೊಂದೇ ಪ್ರಶ್ನೆ. ಮಾರ್ಚ್ 26 ಎಂದು ತಿಂಗಳುಗಟ್ಟಲೆ ಹೇಳುತ್ತಿದ್ದವನು ಈಗ ಯಾವ ತಾರೀಖನ್ನು ಹೇಳಲಿ? ಅಮೆರಿಕದ ಇಲಾಖೆಯೂ ಅದನ್ನೇ ಕೇಳುತ್ತಿತ್ತು.

ಮೂರನೆಯ ಪ್ರಶ್ನೆಗೆ, ಎಂದರೆ ನಾವು ಊರಿಗೆ ಹಿಂತಿರುಗಿಯೇ ತೀರುವವರು ಎಂಬುದಕ್ಕೆ, ಆಧಾರಗಳು ಬೇಕಿದ್ದವು. ಪಿಂಚಣಿ ಜಮೆಯಾಗುವ ಬ್ಯಾಂಕಿನ ಲೆಕ್ಕ, ತುಮಕೂರಿನ ಮನೆಯ ಕಂದಾಯದ ರಸೀದಿ, ಜಮೀನಿನ ಪಹಣಿ. ಪಹಣಿಯನ್ನು ತಮ್ಮನ ಮಗ ಕಂಪ್ಯೂಟರಿನಿಂದ ತೆಗೆದು ಕಳುಹಿಸಿದ. ಆದರೆ ಅಲ್ಲೊಂದು ನಿಯಮವಿದೆ: ಇಂಗ್ಲಿಷಲ್ಲದ ಯಾವ ದಾಖಲೆಯನ್ನು ಕೊಟ್ಟರೂ ಪೂರ್ಣ ಇಂಗ್ಲಿಷ್ ಅನುವಾದವಿರಬೇಕು, ಅನುವಾದ ಪೂರ್ಣವೂ ಸರಿಯೂ ಆಗಿದೆ, ತನಗೆ ಎರಡೂ ಭಾಷೆಗಳು ಬರುತ್ತವೆ ಎಂದು ಅನುವಾದಕನು ಸಹಿ ಹಾಕಬೇಕು. ಅರ್ಜಿದಾರನೇ ಸಹಿ ಹಾಕುವುದು ಚೆನ್ನಲ್ಲವೆಂದು ಅಳಿಯಂದಿರು ಸಹಿ ಹಾಕಿದರು. ಅನುವಾದದ ಕಾಯಕ ನನ್ನ ಪಾಲಿಗೆ ಬಂತು.

ಜೀವಮಾನವಿಡೀ ಷಟ್‌ಸ್ಥಲದ ಪರಿಭಾಷೆಯೊಡನೆ ಏಗಿದವನಿಗೆ ಪಹಣಿಯ ಒಂದು ಹಾಳೆ ಕಲಿಸಿದ ಪಾಠ ದೊಡ್ಡದು. ತರಿ, ಖುಷ್ಕಿ, ಬಾಗಾಯ್ತು. ಪಾರಸಿ ಮೂಲದಿಂದ ಬಂದು ನಮ್ಮ ರೈತನ ಬಾಯಲ್ಲಿ ಅಚ್ಚಗನ್ನಡವಾದ ಶಬ್ದಗಳು. ಗುಂಟೆ ಎಂದರೆ ಎಕರೆಯ ನಲವತ್ತನೆಯ ಒಂದು ಪಾಲು ಎಂದು ವಿವರಣೆ ಕೊಡಬೇಕು. ಕಬ್ಜೆದಾರ ಎಂದರೆ ಒಡೆಯನೋ, ಅನುಭವದಲ್ಲಿರುವವನೋ? ಅಳಿಯಂದಿರು ಮೆಕ್ಯಾನಿಕಲ್ ಎಂಜಿನಿಯರು. ‘ಮಾವನವರೇ, ಯಾವುದಾದರೂ ಒಂದನ್ನು ಬರೆಯೋಣ’ ಎಂದು ಎರಡು ಸಲ ಹೇಳಿದರು. ಆಗದು ಎಂದೆ. ಸಹಿ ಅವರದಾದರೂ ಮಾತು ನನ್ನದು.

ಕೊನೆಗೆ ಸಿಕ್ಕಿಹಾಕಿಕೊಂಡದ್ದು ಖರಾಬು ಎಂಬಲ್ಲಿ. 2 ಎಕರೆ 14 ಗುಂಟೆಯಲ್ಲಿ 3 ಗುಂಟೆ ಖರಾಬು ಎಂದಿದೆ. ಉಳುಮೆಗೆ ಬಾರದ ನೆಲ ಎಂದು ಬರೆದರೆ ಇಲಾಖೆಗೆ ಸಾಕು. ಆದರೆ ಆ ಮೂರು ಗುಂಟೆಯಲ್ಲಿ ಇರುವುದು ನಮ್ಮ ತಾತನ, ಅಜ್ಜಿಯ, ತಂದೆಯವರ ಸಮಾಧಿಗಳು. ಪಕ್ಕದಲ್ಲಿ ಅವ್ವ ತನಗೆಂದು ತೋರಿಸಿಟ್ಟ ಜಾಗ, ಅದರ ತಲೆಯ ಕಡೆಗೆ ಒಂದು ಬಿಲ್ವದ ಗಿಡ. ಊರಿಗೆ ಹಿಂತಿರುಗುತ್ತೀರೆಂಬುದಕ್ಕೆ ಏನು ಆಧಾರ ಎಂದು ಕೇಳುವವರಿಗೆ ನನ್ನಲ್ಲಿದ್ದ ಅತ್ಯಂತ ಗಟ್ಟಿಯಾದ ಉತ್ತರ ಸರ್ಕಾರದ ದಾಖಲೆಯಲ್ಲಿ ಖರಾಬು ಎಂಬ ಹೆಸರಿನಲ್ಲಿತ್ತು! ಪತ್ರದಲ್ಲಿ ಒಂದು ವಾಕ್ಯವನ್ನು ಸೇರಿಸಿದೆ: ಈ ನೆಲದಲ್ಲಿ ನಮ್ಮ ಹಿರಿಯರು ಇದ್ದಾರೆ, ನನ್ನ ತಾಯಿ ವೃದ್ಧೆ, ವಿಮಾನ ಸಿಕ್ಕ ದಿನವೇ ಹೊರಡುತ್ತೇನೆ. ಇಂಥದನ್ನೆಲ್ಲ ಬರೆಯಬಾರದು, ಅಧಿಕಾರಿಗಳಿಗೆ ಬೇಕಾಗುವುದು ಲೆಕ್ಕ ಎಂದು ಮಗಳು ಹೇಳಿದಳು. ‘ಇರಲಿ ಬಿಡು’ ಎಂದೆ.

ಮಾರ್ಚ್ 27ರ ರಾತ್ರಿ ಅರ್ಜಿ ಹೋಯಿತು. ತಕ್ಷಣವೇ ರಸೀದಿ ಸಂಖ್ಯೆ ಬಂತು. ಬೆರಳಚ್ಚಿಗೆ ಕರೆಯಬೇಕಾದ ಕಚೇರಿಗಳೇ ಮುಚ್ಚಿದ್ದವು. ತುಮಕೂರಿನಿಂದ ಒಯ್ದ ಆರು ತಿಂಗಳ ಮಾತ್ರೆಗಳು ಮುಗಿಯುತ್ತ ಬಂದವು. ಅಲ್ಲಿ ವೈದ್ಯರ ಚೀಟಿಯಿಲ್ಲದೆ ಆ ಮಾತ್ರೆ ಕೊಡುವುದಿಲ್ಲ, ನಮ್ಮ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಹಣವಿಲ್ಲ. ಹೋಗುವವರು ಎಂಟು ತಿಂಗಳಿಗಾಗುವಷ್ಟು ಮಾತ್ರೆಯನ್ನೂ ವೈದ್ಯರ ಚೀಟಿಯನ್ನೂ ಒಯ್ಯುವುದು ವಾಸಿ.

ಮೇ 7ರಿಂದ ವಂದೇ ಭಾರತ್ ಎಂಬ ವಿಮಾನಗಳು ಆರಂಭವಾದವು. ಸ್ಯಾನ್ ಫ್ರಾನ್ಸಿಸ್ಕೋದ ಭಾರತೀಯ ದೂತಾವಾಸದಲ್ಲಿ ಹೆಸರು ನೋಂದಾಯಿಸಿ ಕಾದೆವು. ಜೂನ್ ಎರಡನೆಯ ವಾರದಲ್ಲಿ ಸರದಿ ಬಂತು. ನಮ್ಮ ಅರ್ಜಿಗೆ ಇನ್ನೂ ಹೌದೆಂದೂ ಬಂದಿರಲಿಲ್ಲ, ಇಲ್ಲವೆಂದೂ ಬಂದಿರಲಿಲ್ಲ. ರಸೀದಿಯ ಪ್ರತಿಗಳನ್ನು ಪಾಸ್‌ಪೋರ್ಟಿನೊಡನೆ ಇಟ್ಟುಕೊಂಡು ಹೊರಟೆವು. ಬೆಂಗಳೂರಿನ ಹೋಟೆಲೊಂದರಲ್ಲಿ ಏಳು ದಿನ, ತುಮಕೂರಿನ ಮನೆಯಲ್ಲಿ ಏಳು ದಿನ ಕೂಡಿಹಾಕಿಸಿಕೊಂಡೆವು. ಅಮೆರಿಕಕ್ಕಿಂತ ಆ ಏಳು ದಿನವೇ ದೂರವೆನಿಸಿತು. ಗುಬ್ಬಿ ಅಲ್ಲಿಂದ 20 ಕಿಲೋಮೀಟರ್.

ಹದಿನೈದನೆಯ ದಿನ ಬೆಳಿಗ್ಗೆ ಹೋದೆ. ಬಾಗಿಲಲ್ಲಿಯೇ ನಿಂತೆ. ಅವ್ವ ನನ್ನನ್ನು ಗುರುತಿಸಿದಳು. “ಎಷ್ಟು ದಿನ ರಜ ಕೊಟ್ಟವ್ರೆ?” ಎಂದಳು. ಅವಳ ಮಟ್ಟಿಗೆ ನಾನಿನ್ನೂ ಮಠದ ಹುಡುಗ.

ಅವ್ವ 2022ರಲ್ಲಿ ಲಿಂಗೈಕ್ಯಳಾದಳು. ತಾನು ತೋರಿಸಿದ್ದ ಜಾಗದಲ್ಲಿಯೇ ಇದ್ದಾಳೆ. 2023ರಲ್ಲಿ ನಾವು ಮತ್ತೊಮ್ಮೆ ಅಮೆರಿಕಕ್ಕೆ ಹೋದೆವು. ವಿಮಾನ ನಿಲ್ದಾಣದ ಅಧಿಕಾರಿ ಕಂಪ್ಯೂಟರನ್ನು ನೋಡಿ, ಕಳೆದ ಸಲ ಏಪ್ರಿಲ್ 1 ಮೀರಿ ಏಕೆ ಇದ್ದಿರಿ ಎಂದು ಕೇಳಿದ. ರಸೀದಿಗಳನ್ನು ಮುಂದಿಟ್ಟೆ. ತಿರುವಿ ನೋಡಿದ, ತಾರೀಖುಗಳನ್ನು ಬೆರಳಿನಲ್ಲಿ ಎಣಿಸಿದ, ಹಿಂದಕ್ಕೆ ಕೊಟ್ಟ. ಈ ಸಲವೂ ಆರು ತಿಂಗಳೇ ಬರೆದ. ನಾವು ನಾಲ್ಕನೆಯ ತಿಂಗಳಿಗೆ, ತೆಂಗಿನಕಾಯಿ ಕೀಳಿಸುವ ಹೊತ್ತಿಗೆ, ಊರಿನಲ್ಲಿದ್ದೆವು.