ಗಾಳದ ತುದಿದಾರ: ಮನ್ಯಾಗ ಕಟ್ಟೂದೋ, ಅಂಗಡ್ಯಾಗ ತರೂದೋ?

ಅಕ್ಕಾರ, ಬೆಳಗಲಿಯಿಂದ ಮುಧೋಳ ಕಡೆ ಘಟಪ್ರಭಾ ಹೊಳಿಗೆ ಗಾಳ ಹಿಡ್ಕೊಂಡು ಹೋಗೋ ಹುಡುಗರು ನಿಮ್ಮ ಮನ್ಯಾಗೂ ಇರಬೇಕು. ಅಂಗಡ್ಯಾಗ ಕೊಕ್ಕಿ ಕಟ್ಟಿದ ದಾರ ತಯಾರ ಸಿಗತೈತಿ. ಗಂಟು ಅಚ್ಚುಕಟ್ಟು, ಹೊತ್ತೂ ಉಳಿತೈತಿ. ಆದ್ರೂ ನಾ ಮನ್ಯಾಗ ಕಟ್ಟಿಕೊಡತೀನಿ, ಯಾಕಂದ್ರ ದಾರದ ದಪ್ಪ ನಮ್ಮ ಕೈಯಾಗ ಇರತೈತಿ. ಉದ್ದನ ದಾರ 0.40 ಮಿ.ಮೀ. ಇದ್ರ, ಕೊಕ್ಕಿ ಕಟ್ಟೋ ಮೊಳದುದ್ದದ ತುದಿ 0.30 ಮಿ.ಮೀ. ಸಾಕು. ಕಲ್ಲಿಗೆ ಸಿಕ್ಕಾಗ ಜಗ್ಗಿದ್ರ ಬರೇ ತುದಿ ಹರೀತೈತಿ. ಎರಡೂ ಒಂದ ದಪ್ಪ ಇದ್ರ ನಡುವ ಎಲ್ಲರ ಹರದು ಮಾರುದ್ದ ನೈಲಾನ್ ಹೊಳ್ಯಾಗ ಉಳಿತೈತಿ. ಅದು ಲಗೂ ಕೊಳಿಯೂದಿಲ್ಲ. ಕೊಕ್ಕರೆ ಕಾಲಿಗೆ, ನೀರಿಗಿಳಿದ ಎಮ್ಮಿ ಕಾಲಿಗೆ ಸುತ್ತತೈತಿ.

ಗಂಟು ಬಿಗಿಯೂ ಮುಂದ ನೀರು ಹಚ್ಚರಿ. ಒಣಾ ಜಗ್ಗಿದ್ರ ತಿಕ್ಕಿ ಕಾದು ದಾರ ಸೊರಗತೈತಿ. ಅಂಗಡೀದ ತಂದ್ರೂ ಪಾಕೀಟಿನ ಮ್ಯಾಲೆ ಬರದ ದಪ್ಪ ಓದಿ ತರ್ರಿ. ಹರದ ತುಂಡು ದಂಡಿಗೆ ಒಗೀದ ಮನಿಗೆ ತರಬೇಕು ಅಂತ ಹುಡುಗರಿಗೆ ಹೇಳ್ರಿ.