ನೋವಿಲ್ಲದ ಗಾಯ

ನಮ್ಮ ತಂದೆಯವರ ಬಲ ಅಂಗಾಲಿನಲ್ಲಿ ರೂಪಾಯಿಯಗಲದ ಹುಣ್ಣೊಂದು ಏಳು ತಿಂಗಳಾದರೂ ಮಾಯದೆ ಉಳಿದಿತ್ತು. ಸಕ್ಕರೆ ಕಾಯಿಲೆಯಿಂದ ಪಾದಗಳಲ್ಲಿ ಸ್ಪರ್ಶಜ್ಞಾನವೇ ಇರಲಿಲ್ಲ. “ನೋವೇ ಇಲ್ಲವಲ್ಲ ಮಗಾ, ಅದೇನು ಮಾಡೀತು?” ಎನ್ನುತ್ತ ದಿನವೂ ಗದ್ದೆಗೆ ನಡೆಯುತ್ತಿದ್ದರು. ನಾನೂ ಪೇಟೆಯಿಂದ ಮುಲಾಮು ತಂದುಕೊಟ್ಟು, ನನ್ನ ಕರ್ತವ್ಯ ಮುಗಿಯಿತೆಂದು ತಿಳಿದಿದ್ದೆ.

ವೈದ್ಯರು ನೋಡಿ, “ಕೊರತೆ ಮುಲಾಮಿನದಲ್ಲ. ಇವರು ಹೆಜ್ಜೆಹೆಜ್ಜೆಗೂ ಗಾಯವನ್ನೇ ತುಳಿಯುತ್ತಿದ್ದಾರೆ” ಎಂದರು. ರಕ್ತದ ಓಟ ಸರಿಯಾಗಿದೆಯೆಂದೂ ಕೀವಿಲ್ಲವೆಂದೂ ಖಚಿತಪಡಿಸಿಕೊಂಡು, ಪಾದದಿಂದ ಮೊಣಕಾಲಿನ ಕೆಳಗಿನವರೆಗೆ ಅಂಗಕ್ಕೆ ಸರಿಯಾಗಿ ಹೊಂದಿಕೊಳ್ಳುವಂತೆ ಪ್ಲಾಸ್ಟರ್ ಕಟ್ಟು ಹಾಕಿದರು. ಮೈಭಾರವೆಲ್ಲ ಹುಣ್ಣಿನ ಮೇಲೆ ಬೀಳದೆ, ಇಡೀ ಅಂಗಾಲಿಗೂ ಕಾಲಿಗೂ ಹಂಚಿಹೋಗುವುದೇ ಇದರ ಗುಟ್ಟು.

1946ರಲ್ಲಿ ವೆಲ್ಲೂರಿಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳ ಹುಣ್ಣುಗಳನ್ನು ಇಂಥ ಕಟ್ಟಿನಿಂದಲೇ ಮಾಯಿಸಿದರು. ರೋಗಕ್ಕಿಂತಲೂ ನೋವಿಲ್ಲದ ನಡಿಗೆಯೇ ಆ ಪಾದಗಳನ್ನು ಕೆಡಿಸುತ್ತದೆಂದು ಅವರು ಕಂಡುಕೊಂಡರು. ಮುಂದೆ ಅದೇ ಉಪಾಯ ಸಕ್ಕರೆ ಕಾಯಿಲೆಯವರಿಗೂ ಒದಗಿತು.

ವಾರಕ್ಕೊಮ್ಮೆ ಕಟ್ಟು ಬದಲಾಯಿಸಿದರು. ಆ ದಿನಗಳಲ್ಲಿ ಗದ್ದೆಗೆ ನಾನೇ ನೀರು ಕಟ್ಟಿದೆ. ಕೆಲವು ತರಗತಿಗಳು ತಪ್ಪಿದವು. ಒಂಬತ್ತನೆಯ ವಾರ ಹುಣ್ಣು ಪೂರ್ತಿ ಕೂಡಿತ್ತು.

ಆ ಏಳು ತಿಂಗಳು ಅವರು ನಡೆದುದು ನನ್ನ ಕಾಲೇಜಿನ ಶುಲ್ಕಕ್ಕಾಗಿ ಎಂಬುದು ಆಮೇಲೆ ನನಗೆ ಹೊಳೆಯಿತು. ನಮ್ಮ ಮನೆಯಲ್ಲಿ ಮೊದಲು ಬಿ.ಎ. ಓದಿದವನು ನಾನು, ಆದರೂ ಅವರ ಅಂಗಾಲನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಈಗ ಪ್ರತಿರಾತ್ರಿ ಅವರ ಎರಡು ಪಾದಗಳನ್ನೂ ಕೈಯಲ್ಲಿ ಹಿಡಿದು ಪರೀಕ್ಷಿಸುತ್ತೇನೆ. ಮಗ ಕಾಲು ಹಿಡಿದನೆಂದು ಅವರಿಗೆ ಸಂಕೋಚ; ಆದರೆ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ.