ಪಟ್ಟಿಯ ಕೊನೆಯ ಸಾಲು

ಮಧುಗಿರಿ ಎಂದು ಬರೆಯಲು ಏಳು ಕೀಲಿ ಸಾಕು. ಎಮ್, ಶಿಫ್ಟ್ ಹಿಡಿದು ಡಿ, ಆಮೇಲೆ ಯು, ಜಿ, ಐ, ಆರ್, ಐ. ಪಾವಗಡಕ್ಕೆ ಐದೇ: ಪಿ, ಶಿಫ್ಟ್ ಹಿಡಿದು ಎ, ವಿ, ಜಿ, ಡಬ್ಲ್ಯು. ಡಬ್ಲ್ಯು ಒತ್ತಿದರೆ ಡ, ಅದರ ಪಕ್ಕದ ಕ್ಯೂ ಒತ್ತಿದರೆ ಟ. ಒತ್ತಕ್ಷರ ಬೇಕೆಂದರೆ ನಡುವೆ ಎಫ್. ಇಪ್ಪತ್ತಾರು ಕೀಲಿಗಳಲ್ಲಿ ನಮ್ಮ ವರ್ಣಮಾಲೆ ಪೂರಾ ಕೂತುಬಿಡುತ್ತದೆ.

ಇದನ್ನು ನಾನು ಕಲಿತದ್ದು ಮಧುಗಿರಿ ಬೆಟ್ಟದ ಕೆಳಗಿನ ಒಂದು ಡಿಟಿಪಿ ಅಂಗಡಿಯಲ್ಲಿ, ಗೋಡೆಗೆ ಅಂಟಿಸಿದ್ದ ಪಟ್ಟಿ ನೋಡಿಕೊಂಡು. ಅಂಗಡಿ ಇಟ್ಟಿದ್ದವರು ನಿವೃತ್ತ ಶಿಕ್ಷಕರು, ಊರಿಗೆಲ್ಲ ಮೇಷ್ಟ್ರು. ಡ್ರಾಯಿಂಗ್ ಹಾಳೆಯ ಮೇಲೆ ಸ್ಕೇಲಿಟ್ಟು ಮನೆ ಎಳೆದು, ಇಂಗ್ಲಿಷ್ ಅಕ್ಷರ ನೀಲಿಯಲ್ಲಿ, ಕನ್ನಡ ಕೆಂಪಿನಲ್ಲಿ ಬರೆದಿದ್ದರು. ಕೊನೆಯಲ್ಲಿ ಕಪ್ಪು ಮಸಿಯಲ್ಲಿ ಒಂದು ಸಾಲು: ಈ ಕೀಲಿಮಣೆ ಮಾಡಿದವರು ಶ್ರೀ ಕೆ.ಪಿ. ರಾವ್.

ಕಿನ್ನಿಕಂಬಳ ಪದ್ಮನಾಭ ರಾವ್ ಮಂಗಳೂರು ಕಡೆಯವರು, ಅಚ್ಚು ಮತ್ತು ಅಕ್ಷರಜೋಡಣೆಯ ತಂತ್ರಜ್ಞಾನದಲ್ಲಿ ಜೀವ ತೇದವರು. ತಾವು ಮಾಡಿದ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು, ಬೇಕೆಂದವರಿಗೆ ಪುಕ್ಕಟೆಯಾಗಿ ಕೊಟ್ಟರು. ತಮ್ಮ ದುಡಿಮೆಯ ಮೇಲೆ ಇನ್ನೊಬ್ಬರ ಹೆಸರು ಬರೆದ ಮನುಷ್ಯನ ಹೆಸರನ್ನು ನಾವಾದರೂ ಬರೆಯದಿದ್ದರೆ ಹೇಗೆ ಅನ್ನುತ್ತಿದ್ದರು ಮೇಷ್ಟ್ರು.

ಆಮೇಲೆ ‘ಬರಹ’ ತಂತ್ರಾಂಶ ಬಂತು. ಶೇಷಾದ್ರಿವಾಸು ಅದನ್ನು ಮೊದಲು ಬಿಟ್ಟದ್ದು 1998ರ ಜನವರಿ 1ರಂದು. ನಮ್ಮ ಅಂಗಡಿಗೆ ಅದು ತಲುಪಿದ್ದು ಬೆಂಗಳೂರಿನಲ್ಲಿ ಓದುತ್ತಿದ್ದ ಹುಡುಗನೊಬ್ಬ ತಂದ ಸಿ.ಡಿ.ಯಲ್ಲಿ. ಅಲ್ಲಿಂದ ಅದು ಶಿರಾಕ್ಕೆ ಹೋಯಿತು, ಕೊರಟಗೆರೆಗೆ ಹೋಯಿತು. ಪಾವಗಡದವರು ಲಗ್ನಪತ್ರಿಕೆಯನ್ನು ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ತೆಲುಗಿನಲ್ಲಿ ಕೇಳುತ್ತಿದ್ದರು. ‘ಬರಹ’ದಲ್ಲಿ ತೆಲುಗೂ ಸೇರಿಕೊಂಡ ಮೇಲೆ ಅವರಿಗೆ ಆದ ಸಂತೋಷ ಹೇಳತೀರದು. ದಂಡಿನ ಮಾರಮ್ಮನ ಜಾತ್ರೆಯ ಕರಪತ್ರ, ನಾಲ್ಕೂ ತಾಲ್ಲೂಕಿನ ಶಾಲೆಗಳ ಪ್ರಶ್ನೆಪತ್ರಿಕೆ ಎಲ್ಲ ಅದರಲ್ಲೇ. ಸಿ.ಡಿ. ಕೈಗಿಡುವಾಗ ಮೇಷ್ಟ್ರ ಮಾತು ತಪ್ಪುತ್ತಿರಲಿಲ್ಲ: “ತಗೊಂಡ್ಹೋಗಪ್ಪ. ವಾಸು ಅಂತ ಒಬ್ರು ಮಾಡಿರೋದು. ದುಡ್ಡು ಕೇಳಲ್ಲ ಅವ್ರು. ಕೊಟ್ಟೋರಿಗೆ ಹೆಸ್ರು ಹೇಳು.”

ನನಗೀಗ ಕಣ್ಣಿಗೆ ಕಟ್ಟುವುದು ಆ ಸಿ.ಡಿ. ಅಲ್ಲ, ಕೊಡುವಾಗಿನ ಆ ಮಾತು.

ಒಂದು ವರ್ಷ ಬೇಸಿಗೆ ರಜೆ ಹೊತ್ತಿಗೆ ಮೇಷ್ಟ್ರ ಪಟ್ಟಿಯ ಜೆರಾಕ್ಸ್ ಪೇಟೆಯಲ್ಲಿ ಐದು ರೂಪಾಯಿಗೆ ಮಾರಾಟವಾಗತೊಡಗಿತು. ಯಾರೋ ನಮ್ಮಲ್ಲಿಂದಲೇ ಎರವಲು ಒಯ್ದು, ಕೊನೆಯ ಸಾಲಿನ ಮೇಲೆ ಬಿಳಿ ಕಾಗದದ ಪಟ್ಟೆ ಅಂಟಿಸಿ ಪ್ರತಿ ತೆಗೆದಿದ್ದರು. ಪಟ್ಟೆಯ ಅಂಚಿನ ನೆರಳು ಕೂದಲೆಳೆಯಷ್ಟು ತೆಳ್ಳಗಿನ ಕಪ್ಪು ಗೆರೆಯಾಗಿ ಮೂಡಿತ್ತು. ಮೇಷ್ಟ್ರು ಆ ಗೆರೆಯ ಮೇಲೆ ಬೆರಳಾಡಿಸಿದರು. “ಐದು ರೂಪಾಯಿ ತಗೊಳ್ಳಲಿ, ಬೇಡ ಅಂದೋರ್ಯಾರು? ಆ ಒಂದು ಸಾಲು ಏನು ಭಾರ ಆಗಿತ್ತು?” ಅಂದರು. ಆವತ್ತು ಅಂಗಡಿ ಬೇಗ ಮುಚ್ಚಿದೆವು.

ಇಂಥದೇ ಸಂಕಟ ನಾಡಿನ ಮಟ್ಟದಲ್ಲೂ ಇತ್ತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯನ್ನು ಸರ್ಕಾರ ಉಚಿತವಾಗಿ ಹಂಚಿದಾಗ, ಅದರಲ್ಲಿ ‘ಬರಹ’ದ ಅಂಶವಿದೆ ಎಂಬ ಆರೋಪ ಎದ್ದಿತು, ಪರ ವಿರೋಧ ಮಾತು ಬೆಳೆಯಿತು. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರೂ ಕನ್ನಡ ತಂತ್ರಾಂಶದ ಚರ್ಚೆಗೆ ಇಳಿದರು. ಅದರ ನ್ಯಾಯಾನ್ಯಾಯ ತೀರ್ಮಾನಿಸುವವನು ನಾನಲ್ಲ. ಆದರೆ ಕೆ.ಪಿ. ರಾವ್ ವಿನ್ಯಾಸವನ್ನು ಜನ ‘ನುಡಿ ಕೀಬೋರ್ಡ್’ ಎಂದೇ ಕರೆದರು. ಲಿನಕ್ಸ್‌ನ ಪಟ್ಟಿಯಲ್ಲಿ ಇವತ್ತಿಗೂ ಅದರ ಹೆಸರು ‘ಕಗಪ’, ಅಂದರೆ ಪರಿಷತ್ತಿನ ಹೆಸರಿನ ಮೊದಲಕ್ಷರಗಳು. ಹಂಚಿದವರ ಹೆಸರು ಉಳಿಯಿತು, ಮಾಡಿದವರದು ಜಾರಿತು.

‘ಬರಹ’ದ ಮುಂದಿನ ಆವೃತ್ತಿಗಳಿಗೆ ಬೆಲೆ ಇಟ್ಟಾಗ ಗೊಣಗಿದವರು ಬಹಳ. ನಾನು ಗೊಣಗಲಿಲ್ಲ. ವರ್ಷಗಟ್ಟಲೆ ಪುಕ್ಕಟೆ ಕೊಟ್ಟವರು ದುಡ್ಡು ಕೇಳಿದರೆ ಅದು ಅವರ ಹಕ್ಕು. ಆ ವರ್ಷಗಳಲ್ಲಿ ಅದನ್ನೇ ನಂಬಿ ಸಂಸಾರ ನಡೆಸಿದ ನಮ್ಮಂಥ ನೂರಾರು ಅಂಗಡಿಯವರು ಒಂದು ಕಾಗದ ಬರೆದು ಥ್ಯಾಂಕ್ಸ್ ಹೇಳಿದ್ದೆವೇ? ನಾನು ಬರೆಯಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಹೋದ ವರ್ಷ ಶಿರಾದಲ್ಲಿ ಅಕ್ಕನ ಮಗ ಕಡಲೆಕಾಯಿ ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್ ತೋರಿಸಿದ. ಮಾರಿದವರು ತಮ್ಮದೇ ತಂತ್ರಾಂಶ ಎಂದಿದ್ದರಂತೆ. ಅವನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಒಳಗಿನ ಸಾಲುಗಳನ್ನು ತೋರಿಸಿದ: “ಮಾವ, ಇದು ಆರ್ಡುಪೈಲಟ್. ಮೇಲೆ ಹೆಸ್ರು ಮಾತ್ರ ಬದ್ಲಾಯಿಸವ್ರೆ.” ಆರ್ಡುಪೈಲಟ್ ಹಲವು ದೇಶಗಳ ಹವ್ಯಾಸಿಗಳು ಸೇರಿ ಕಟ್ಟಿದ್ದು. ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು. ತಿದ್ದಿ ಕೊಟ್ಟರೆ ತಿದ್ದಿದ ಮೂಲವನ್ನೂ ಕೊಡಬೇಕು ಎಂಬುದು ಅದರ ಕರಾರು. ಆ ಕರಾರು ಕಂಪನಿಗಳಿಗೆ ಹಿಡಿಸದೆ ತಿಕ್ಕಾಟವಾಗಿ, 2016ರಲ್ಲಿ ಆರ್ಡುಪೈಲಟ್ ತಂಡ ಡ್ರೋನ್‌ಕೋಡ್ ಒಕ್ಕೂಟದಿಂದ ಬೇರೆಯಾಯಿತಂತೆ. ಹುಡುಗ ಸಿಟ್ಟಿನಲ್ಲಿ ಹೇಳುತ್ತಿದ್ದ. ಅವನ ಸಿಟ್ಟು ಕಂಡು ನನಗೆ ಮೇಷ್ಟ್ರ ಬೆರಳು ನೆನಪಾಯಿತು.

ಮೇಷ್ಟ್ರು ಈಗಿಲ್ಲ. ಅಂಗಡಿಯಿದ್ದಲ್ಲಿ ಮೊಬೈಲ್ ರಿಪೇರಿ ನಡೆಯುತ್ತಿದೆ. ಕೈಬರಹದ ಪಟ್ಟಿ ಯಾವ ಮಳೆಗೆ ನೆಂದು ಹೋಯಿತೋ. ಈಚೆಗೆ ಕೊರಟಗೆರೆಯ ಒಂದು ಟೈಪಿಂಗ್ ಸೆಂಟರಿನಲ್ಲಿ ಅದರ ಜೆರಾಕ್ಸ್ ಕಂಡೆ, ಪ್ರತಿಯ ಪ್ರತಿಯ ಪ್ರತಿ. ಅಕ್ಷರಗಳು ಮಂಕಾಗಿದ್ದವು, ಪಟ್ಟೆಯ ನೆರಳು ಮಾತ್ರ ಪ್ರತಿ ಸಲಕ್ಕೂ ದಪ್ಪವಾಗುತ್ತ ಬಂದು ಒಳ್ಳೆ ಕಪ್ಪು ಗೆರೆಯಾಗಿತ್ತು. ಕಲಿಯಲು ಬಂದಿದ್ದ ಹುಡುಗಿಯೊಬ್ಬಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದಳು. ಇದನ್ನು ಮಾಡಿದ್ದು ಯಾರು ಗೊತ್ತೇನಮ್ಮ ಎಂದೆ. “ನುಡಿ ಅಲ್ವಾ ಸಾರ್?” ಅಂದಳು. ನಾನು ಹೆಸರು ಹೇಳಿದೆ. ತಲೆಯಾಡಿಸಿ, ಮನೆಗಳನ್ನೆಲ್ಲ ತುಂಬಿ, ಕೊನೆಗೆ ಸ್ಕೇಲಿಟ್ಟು ಆ ಕಪ್ಪು ಗೆರೆಯನ್ನೂ ನೇರವಾಗಿ ಎಳೆದುಕೊಂಡಳು.